ಜಿಮ್ನಿ ತಡವಾಗಿ ಬಂತಾ, ಇಲ್ಲಾ ತಪ್ಪು ಲೆಕ್ಕದಲ್ಲಿ ಬಂತಾ?

ತೋಟದಮನೆ
ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆ ತನಕ ಮಣ್ಣುದಾರಿ. ಮಳೆಗಾಲದಲ್ಲಿ ಜೇಡಿಮಣ್ಣು ಜಾರುತ್ತದೆ, ಎರಡು ಕಡೆ ಕಡಿದಾದ ಏರು ಇದೆ. ಈಗಿರುವ ಹಳೇ ಜೀಪನ್ನು ಇನ್ನು ರಿಪೇರಿ ಮಾಡಿಸುವುದರಲ್ಲಿ ಅರ್ಥ ಇಲ್ಲ. ಮನೆಯಲ್ಲಿ ಅರ್ಧ ಜನ ಮಾರುತಿ ಸುಜುಕಿಯ ಜಿಮ್ನಿ ಅಂತಾರೆ, ಇನ್ನರ್ಧ ಮಹೀಂದ್ರದ ಥಾರ್ ಅಂತಾರೆ.

ಕೊಳ್ಳುವ ವಿಚಾರ ಆಮೇಲೆ. ನನಗೆ ಅರ್ಥವಾಗದೇ ಇರುವುದು ಬೇರೆ. ನಾಲ್ಕೂ ಗಾಲಿಗೆ ಓಟ ಇರುವ ಚಿಕ್ಕ ಗಾಡಿ, ಫೋರ್ ಬೈ ಫೋರ್, ಅಂದರೆ ಒಂದು ಕಾಲದಲ್ಲಿ ಜಿಪ್ಸಿನೇ. ಆ ಗಾಡಿ ಮಾಡಿದ ಮಾರುತಿ, 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂದು ಗಿರಾಕಿಗಳನ್ನೆಲ್ಲ ಬಾಚಿಕೊಂಡು ಹೋಗುವಾಗ ಸುಮ್ನೆ ನೋಡುತ್ತಿತ್ತು. ಜಿಮ್ನಿ ಇಲ್ಲಿ ಬಂದದ್ದು 2023ರ ಜೂನ್‌ನಲ್ಲಿ. ಆ ತಡವೇ ಮಾರಾಟದಲ್ಲಿ ಜಿಮ್ನಿಯನ್ನು ಹಿಂದೆ ಹಾಕಿತಾ? ಬಲ್ಲವರು ಹೇಳಿ.

ಸಿಗ್ನಲ್‌ನಲ್ಲಿ ನಿಂತವ
ತಡವೇ ಕಾರಣ. ಥಾರ್ ಬಂದ ಮೇಲೆ ಈ ಥರದ ಗಾಡಿ ಅಂದರೆ ಜನರ ತಲೆಯಲ್ಲಿ ಥಾರ್ ಅಂತಲೇ ಕೂತುಬಿಟ್ಟಿತು. ಆಮೇಲೆ ಬಂದವರು ಏನೇ ತಂದರೂ ಹೋಲಿಕೆ ಅದರ ಜೊತೆಗೇ.

ಹಳೇ ಜಿಪ್ಸಿ
ಮೂರು ವರ್ಷ ತಡ ಅಂತ ಯಾಕೆ ಹೇಳ್ತೀರಿ ಸಾರ್? ನನ್ನ ಪ್ರಕಾರ 25 ವರ್ಷ ತಡ.

ಸುಜುಕಿ ಮೊದಲ ಜಿಮ್ನಿ ಮಾಡಿದ್ದು 1970ರಲ್ಲಿ. ಎರಡನೇ ತಲೆಮಾರು 1981ರಲ್ಲಿ ಬಂತು. ಅದನ್ನೇ ಸ್ವಲ್ಪ ಉದ್ದ ಮಾಡಿ 1985ರ ಡಿಸೆಂಬರ್‌ನಲ್ಲಿ ಜಿಪ್ಸಿ ಅಂತ ಇಲ್ಲಿ ಬಿಟ್ಟರು. 970 ಸಿಸಿ ಇಂಜಿನ್. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ಅಲ್ಲಿಗೆ ಮುಗೀತು. ಹೊರದೇಶಗಳಲ್ಲಿ 1998ರಲ್ಲೇ ಕಾಯಿಲ್ ಸ್ಪ್ರಿಂಗ್ ಇರುವ ಮೂರನೇ ತಲೆಮಾರಿನ ಜಿಮ್ನಿ ಬಂದು 2018ರ ತನಕ 20 ವರ್ಷ ಓಡಿತು. ನಮ್ಮಲ್ಲಿ? ಅದೇ ಲೀಫ್ ಸ್ಪ್ರಿಂಗ್, ಅದೇ ಡ್ಯಾಶ್‌ಬೋರ್ಡ್. ಸೈನ್ಯ ತಗೊಳ್ಳುತ್ತಿತ್ತು, ಪೊಲೀಸರು ತಗೊಳ್ಳುತ್ತಿದ್ದರು, ರ‍್ಯಾಲಿ ಹುಡುಗರು ಹಳೇದನ್ನು ಹುಡುಕಿ ಕೊಳ್ಳುತ್ತಿದ್ದರು. ಸಾಮಾನ್ಯ ಗಿರಾಕಿಗಾಗಿ ಏನೂ ಮಾಡಲಿಲ್ಲ. 2019ರಲ್ಲಿ ಹೊಸ ಸುರಕ್ಷತಾ ನಿಯಮ ಬಂದಾಗ ನಮಗೆ ಮಾರುವುದನ್ನೇ ನಿಲ್ಲಿಸಿದರು.

ನಾನು ಜಿಪ್ಸಿ ಓಡಿಸಿಕೊಂಡು ಬೆಳೆದವನು. ಆ ಗಾಡಿ ಮೇಲೆ ಇವತ್ತಿಗೂ ಪ್ರೀತಿ ಇದೆ, ಅದಕ್ಕೇ ಇಷ್ಟು ಸಿಟ್ಟು. ಸ್ವಂತ ಅಂಗಡಿಗೆ ತಾವೇ ಬೀಗ ಹಾಕಿ, ನಾಲ್ಕು ವರ್ಷ ಆದ ಮೇಲೆ ಪಕ್ಕದ ಅಂಗಡಿಯವನ ಜೊತೆ ಪೈಪೋಟಿಗೆ ಇಳಿದರು.

ತೋಟದಮನೆ
ಮೂರನೇ ತಲೆಮಾರು ಇಲ್ಲಿ ಬರಲೇ ಇಲ್ಲ ಅನ್ನುವುದು ನಿಜಕ್ಕೂ ಗೊತ್ತಿರಲಿಲ್ಲ.

ಲೆಕ್ಕದ ಪುಸ್ತಕ
ಎಲ್ಲರೂ ತಡ ತಡ ಅಂತಿದ್ದೀರಿ. ತೆರಿಗೆ ನೋಡಿದ್ದೀರಾ?

ನಮ್ಮ ದೇಶದಲ್ಲಿ ಚಿಕ್ಕ ಕಾರು ಅನ್ನಿಸಿಕೊಳ್ಳಲು ಎರಡು ಷರತ್ತು. ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಆದರೆ ಇಂಜಿನ್ 1200 ಸಿಸಿ ಒಳಗಿರಬೇಕು, ಡೀಸೆಲ್ ಆದರೆ 1500 ಸಿಸಿ ಒಳಗೆ. ಐದು ಬಾಗಿಲಿನ ಜಿಮ್ನಿಯ ಉದ್ದ 3985 ಮಿ.ಮೀ. ಅಂದರೆ ಉದ್ದದ ಪರೀಕ್ಷೆ ಪಾಸು. ಇಂಜಿನ್ 1462 ಸಿಸಿ ಪೆಟ್ರೋಲ್. ಅಲ್ಲಿ ಫೇಲು. ಹಾಗಾಗಿ ಬಿಡುಗಡೆ ಹೊತ್ತಿಗೆ ಜಿಎಸ್‌ಟಿ, ಸೆಸ್ ಎಲ್ಲ ಸೇರಿ 45% ತೆರಿಗೆ. 2023ರ ಜನವರಿಯಲ್ಲಿ ಮಹೀಂದ್ರ ಹಿಂದಿನ ಗಾಲಿ ಮಾತ್ರ ಓಡುವ ಥಾರ್ ತಂದಿತು, 1.5 ಲೀಟರ್ ಡೀಸೆಲ್. ಅದಕ್ಕೆ 31%. ಶುರುವಿನ ಬೆಲೆ 9.99 ಲಕ್ಷ. ಜಿಮ್ನಿ ಶುರುವಾಗಿದ್ದು 12.74 ಲಕ್ಷಕ್ಕೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಆ ಥಾರ್ 18%ಗೆ ಇಳಿಯಿತು. ಜಿಮ್ನಿ 40%. ಅಂತರ ಮೊದಲಿಗಿಂತ ಜಾಸ್ತಿನೇ ಆಯಿತು.

ಇದರ ಮೇಲೆ ನಮ್ಮ ಕರ್ನಾಟಕದ ರಸ್ತೆ ತೆರಿಗೆ. 10 ಲಕ್ಷ ದಾಟಿದರೆ 17%, ಒಳಗಿದ್ದರೆ 14%. ಮೇಲೆ ಸೆಸ್ ಬೇರೆ.

ಬಯಲುಸೀಮೆ
ಹಿಂದಿನ ಗಾಲಿ ಮಾತ್ರ ಓಡುವ ಥಾರನ್ನು ಫೋರ್ ಬೈ ಫೋರ್ ಜಿಮ್ನಿ ಜೊತೆ ಹೋಲಿಸುವುದು ನ್ಯಾಯವಾ? ಜಿಮ್ನಿಯಲ್ಲಿ ಎಲ್ಲ ಮಾಡೆಲ್‌ಗೂ ಫೋರ್ ಬೈ ಫೋರ್ ಇದೆ, ಕಡಿದಾದ ಏರಿನಲ್ಲಿ ನಿಧಾನಕ್ಕೆ ಬಲವಾಗಿ ಎಳೆಯುವ ಲೋ ಗೇರ್ ಇದೆ.

ಲೆಕ್ಕದ ಪುಸ್ತಕ
ನ್ಯಾಯ ಅಲ್ಲ, ಒಪ್ಪುತ್ತೇನೆ. ಆದರೆ ಶೋರೂಮಿಗೆ ಬಂದವನು ಮೊದಲು ನೋಡುವುದು ಹಾಳೆ ಮೇಲಿನ ಮೊತ್ತ. ಅವನಿಗೆ ಲೋ ಗೇರ್ ಬೇಡ.

ಸಿಗ್ನಲ್‌ನಲ್ಲಿ ನಿಂತವ
ಅದನ್ನೇ ನಾನು ಹೇಳುವುದು. ಬೆಂಗಳೂರಲ್ಲಿ ಓಡಾಡುವ ಥಾರ್‌ಗಳಲ್ಲಿ ಎಷ್ಟು ಮಣ್ಣು ಕಂಡಿವೆ? ಜನಕ್ಕೆ ಎತ್ತರದ ಸೀಟು ಬೇಕು, ಅಗಲವಾದ ಬಾನೆಟ್ ಬೇಕು, ರಸ್ತೆಯಲ್ಲಿ ಪಕ್ಕದವನು ಜಾಗ ಬಿಡಬೇಕು. ಜಿಮ್ನಿ ಅಗಲ 1645 ಮಿ.ಮೀ. ಥಾರ್ 1820. ಪಕ್ಕಪಕ್ಕ ನಿಲ್ಲಿಸಿದರೆ ಜಿಮ್ನಿ ತೆಳ್ಳಗೆ ಕಾಣುತ್ತದೆ. 12 ಲಕ್ಷ ಕೊಡುವವನಿಗೆ ಅದು ಹಿಡಿಸುವುದಿಲ್ಲ.

ಘಟ್ಟದ ಕೆಳಗೆ
ಆ ತೆಳ್ಳಗೆ ಇರುವುದೇ ನಮಗೆ ಬೇಕಾದ್ದು ಮಾರಾಯ್ರೆ! ನಮ್ಮ ಕಡೆ ತೋಟದ ದಾರಿ ಅಂದರೆ ಒಂದು ಕಡೆ ಧರೆ, ಇನ್ನೊಂದು ಕಡೆ ಚರಂಡಿ. ಎದುರಿಂದ ಪಿಕಪ್ ಬಂದರೆ ಹಿಂದಕ್ಕೆ ಹೋಗಬೇಕು. ಅಲ್ಲಿ ಒಂದು ಗೇಣು ಅಗಲ ಕಡಿಮೆ ಇದ್ದರೂ ದೊಡ್ಡ ಉಪಕಾರ. ನಾನು ಜಿಮ್ನಿ ಮ್ಯಾನುಯಲ್ ತಗೊಂಡೆ. ಜಂಬಿಟ್ಟಿಗೆ ಕಲ್ಲಿನ ಮೇಲೆ, ಅಡಿಕೆ ತೋಟದ ಒಳಗೆ, ಹಳ್ಳದ ಬದಿಯ ಕೆಸರಿನಲ್ಲಿ ಓಡಿಸುತ್ತೇನೆ. ಭಾರ 1200 ಕೆ.ಜಿ ಆಸುಪಾಸು ಇರುವುದರಿಂದ ಕೆಸರಲ್ಲಿ ಹೂತುಕೊಳ್ಳುವುದು ಕಡಿಮೆ. ಪಕ್ಕದ ತೋಟದವರ ದೊಡ್ಡ ಗಾಡಿ ಹೂತಾಗ ನಾಲ್ಕು ಜನ ತಳ್ಳಬೇಕಾಗುತ್ತದೆ.

ಮಂಗಳೂರಿಗೆ ಹೈವೇಯಲ್ಲಿ ಹೋಗುವಾಗ ಮಾತ್ರ ಇನ್ನೂ ಒಂದು ಗೇರ್ ಇರಬೇಕಿತ್ತು ಅನ್ನಿಸುತ್ತದೆ.

ಸ್ಪ್ಯಾನರ್
ಘಟ್ಟದ ಕೆಳಗೆ ಅವರು ಹೇಳಿದ್ದು ಸರಿ. ಮ್ಯಾನುಯಲ್‌ಗೆ 5 ಗೇರ್, ಆಟೋಮ್ಯಾಟಿಕ್‌ಗೆ 4. 2023ರಲ್ಲಿ ಹೊಸ ಗಾಡಿಗೆ ನಾಲ್ಕು ಗೇರಿನ ಆಟೋಮ್ಯಾಟಿಕ್ ಕೊಡುವುದು ಒಪ್ಪುವ ಮಾತಲ್ಲ. ಹೈವೇಯಲ್ಲಿ ಇಂಜಿನ್ ಅರಚುತ್ತದೆ.

ಆದರೆ ಕೆಳಗಿನ ಭಾಗ ನೋಡಿ. ಏಣಿಯಂಥ ಗಟ್ಟಿ ಚೌಕಟ್ಟು, ಲ್ಯಾಡರ್ ಚಾಸಿಸ್. ಮುಂದೆ ಹಿಂದೆ ಎರಡೂ ಕಡೆ ಎಡಬಲ ಗಾಲಿಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು, ಅಂದರೆ ರಿಜಿಡ್ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಒಂದು ಗಾಲಿ ಕಲ್ಲು ಹತ್ತಿ ಮೇಲೆದ್ದರೆ ಅದೇ ಆಕ್ಸಲ್‌ನ ಇನ್ನೊಂದು ಗಾಲಿ ನೆಲಕ್ಕೆ ಒತ್ತುತ್ತದೆ. ಥಾರ್‌ನಲ್ಲಿ ಮುಂದೆ ಒಂದೊಂದು ಗಾಲಿ ಬೇರೆ ಬೇರೆಯಾಗಿ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಶನ್. ರಸ್ತೆಯಲ್ಲಿ ಅದು ಆರಾಮ, ಕಲ್ಲಿನಲ್ಲಿ ಇದು ಗಟ್ಟಿ. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಮುಂದಿನ ಬಂಪರ್ ನೆಲಕ್ಕೆ ತಾಗದೆ ಹತ್ತುವ ಕೋನ 36 ಡಿಗ್ರಿ, ಇಳಿಯುವಾಗ ಹಿಂದೆ 50 ಡಿಗ್ರಿ. ಒಂದು ಗಾಲಿ ಗಾಳಿಯಲ್ಲಿ ಸುಮ್ನೆ ಸುತ್ತತೊಡಗಿದರೆ ಅದಕ್ಕೆ ಬ್ರೇಕ್ ಹಿಡಿದು ಇನ್ನೊಂದು ಗಾಲಿಗೆ ಟಾರ್ಕ್ (ತಿರುಗಿಸುವ ಬಲ) ಕಳಿಸುವ ವ್ಯವಸ್ಥೆ ಇದೆ. ಥಾರ್‌ನ ಮೇಲಿನ ಮಾಡೆಲ್‌ಗಳಲ್ಲಿ ಹಿಂದೆ ಎರಡೂ ಗಾಲಿಗಳನ್ನು ಒಟ್ಟಿಗೇ ತಿರುಗಿಸುವ ನಿಜವಾದ ಲಾಕಿಂಗ್ ಡಿಫರೆನ್ಶಿಯಲ್ ಸಿಗುತ್ತದೆ. ಆಳವಾದ ಗುಂಡಿಯಲ್ಲಿ ಅದರ ಕೈ ಮೇಲು.

ಬಯಲುಸೀಮೆ
ಡೀಸೆಲ್ ಇಲ್ಲ. ಅಷ್ಟೇ. ಬೇರೆ ಯಾವ ಕಾರಣವೂ ಬೇಕಿಲ್ಲ.

ಟಾರ್ಕ್‌ಪ್ರಿಯ
ನೂರಕ್ಕೆ ನೂರು. ಜಿಮ್ನಿಗೆ ಟಾರ್ಕ್ 134 ಎನ್‌ಎಂ. ಥಾರ್ ಡೀಸೆಲ್‌ಗೆ 300. ಏರಿನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹೋಗುವವನಿಗೆ ಯಾವುದು ಬೇಕು ಅಂತ ಕೇಳಲೇಬೇಕಾ? 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಮ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕೈಬಿಟ್ಟಿತು. ಅದೇ ವರ್ಷ ಥಾರ್ ಡೀಸೆಲ್ ಜೊತೆ ಬಂತು. ಆ ಎರಡು ತೀರ್ಮಾನಗಳಲ್ಲೇ ಫಲಿತಾಂಶ ಇತ್ತು.

ಸ್ಪ್ಯಾನರ್
ಟಾರ್ಕ್ ಅಂಕಿ ಒಂದನ್ನೇ ಹಿಡಿದರೆ ಲೆಕ್ಕ ತಪ್ಪುತ್ತದೆ. ಥಾರ್ ಐದು ಕ್ವಿಂಟಾಲ್ ಹತ್ತಿರ ಜಾಸ್ತಿ ಭಾರ. ಮತ್ತೆ ಲೋ ಗೇರ್ ಹಾಕಿದಾಗ ಜಿಮ್ನಿಯಲ್ಲಿ ಗಾಲಿಗೆ ಹೋಗುವ ಟಾರ್ಕ್ ಸುಮಾರು ಎರಡು ಪಟ್ಟು ಆಗುತ್ತದೆ. ಒದ್ದೆ ಏರಿನಲ್ಲಿ ಜೋರು ಬೇಡ, ಹಿಡಿತ ಬೇಕು. ಮೂಟೆ ಹೇರುವುದಕ್ಕೆ ಜಿಮ್ನಿ ಅಲ್ಲ, ಅದನ್ನು ಒಪ್ಪುತ್ತೇನೆ. ನಾಲ್ಕು ಜನ ಕೂತರೆ ಡಿಕ್ಕಿಯಲ್ಲಿ 208 ಲೀಟರ್ ಜಾಗ ಮಾತ್ರ.

ಚಕ್ರತೀರ್ಥ
ಒಂದು ಪ್ರಶ್ನೆ. ಮಾರುತಿ ಹತ್ತಿರ 1 ಲೀಟರಿನ ಟರ್ಬೊ ಪೆಟ್ರೋಲ್ ಇದೆ, ಅವರದೇ ಫ್ರಾಂಕ್ಸ್ ಕಾರಿನಲ್ಲಿ ಬರುತ್ತದೆ. 998 ಸಿಸಿ, 148 ಎನ್‌ಎಂ. ಅದನ್ನೇ ಜಿಮ್ನಿಗೆ ಹಾಕಿದ್ದರೆ ಚಿಕ್ಕ ಕಾರಿನ ತೆರಿಗೆ ಸಿಗುತ್ತಿತ್ತು, ಟಾರ್ಕೂ ಜಾಸ್ತಿ. ಯಾಕೆ ಹಾಕಲಿಲ್ಲ?

ಲೆಕ್ಕದ ಪುಸ್ತಕ
ಇದೇ ನನ್ನ ದೂರು ಕೂಡ. ಈ ದೇಶದ ತೆರಿಗೆ ನಿಯಮ ರಾತ್ರೋರಾತ್ರಿ ಬಂದಿದ್ದಲ್ಲ. 4 ಮೀಟರ್ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡ ಕಂಪನಿಗಳಲ್ಲಿ ಮಾರುತಿನೂ ಒಂದು. ಮೂರು ವರ್ಷ ಹೆಚ್ಚು ಸಮಯ ಸಿಕ್ಕಾಗ ಮಾಡಬೇಕಾಗಿದ್ದ ಕೆಲಸ ಇದು.

ಸ್ಪ್ಯಾನರ್
ಅಷ್ಟು ಸುಲಭ ಅಲ್ಲ ಚಕ್ರತೀರ್ಥ. ಫ್ರಾಂಕ್ಸ್‌ನಲ್ಲಿ ಇಂಜಿನ್ ಅಡ್ಡ ಕೂರುತ್ತದೆ, ಮುಂದಿನ ಗಾಲಿಗೆ ಓಟ. ಜಿಮ್ನಿಯಲ್ಲಿ ಉದ್ದಕ್ಕೆ ಕೂರುತ್ತದೆ, ಹಿಂದೆ ಗೇರ್‌ಬಾಕ್ಸ್, ಅದರ ಹಿಂದೆ ಓಟವನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್. ಮೌಂಟಿಂಗ್, ಟರ್ಬೊ ಪೈಪು, ಕೂಲಿಂಗ್ ಎಲ್ಲ ಹೊಸದಾಗಿ ಮಾಡಬೇಕು. ಚಿಕ್ಕ ಟರ್ಬೊ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಮಂಕು. ಕಲ್ಲಿನ ಮೇಲೆ ಹೆಜ್ಜೆ ಹೆಜ್ಜೆ ಹೋಗುವಾಗ ಟರ್ಬೊ ಒಮ್ಮೆಲೇ ಎದ್ದರೆ ಗಾಲಿ ಜಾರುತ್ತದೆ. ಹಳೇ 1.5 ಆ ಕೆಲಸಕ್ಕೆ ಮೃದು.

ಟಾರ್ಕ್‌ಪ್ರಿಯ
ಮತ್ತೆ ಅದೇ ಮಾತು. ಕಲ್ಲಿನ ಮೇಲೆ ಹೆಜ್ಜೆ ಹೆಜ್ಜೆ ಹೋಗುವವರು ಎಷ್ಟು ಜನ ಇದ್ದಾರೆ? ಕಂಪನಿ ಬದುಕುವುದು ಉಳಿದವರಿಂದ.

ಕಾಡುದಾರಿ
ಗಾಡಿಯಲ್ಲೇ ದೋಷ ಇದ್ದಿದ್ದರೆ ಜಪಾನಿನಲ್ಲಿ ಯಾಕೆ ಹಾಗಾಯಿತು? ಗುರುಗ್ರಾಮದಲ್ಲಿ ಮಾಡುವ ಇದೇ ಐದು ಬಾಗಿಲಿನ ಗಾಡಿ ಅಲ್ಲಿಗೆ ಜಿಮ್ನಿ ನೊಮಾಡ್ ಅಂತ ಹೋಯಿತು. 2025ರ ಜನವರಿ ಕೊನೆಗೆ ಪ್ರಕಟಿಸಿದರು. ತಿಂಗಳಿಗೆ 1,200 ಮಾರುವ ಗುರಿ. ಕೆಲವೇ ದಿನದಲ್ಲಿ 50,000ದ ಹತ್ತಿರ ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯಿತು. ನಾವು ಬೇಡ ಅಂದಿದ್ದಕ್ಕೆ ಅಲ್ಲಿ ಸಾಲು ನಿಂತರು.

ಹಳೇ ಜಿಪ್ಸಿ
ಅಲ್ಲಿ ಜಿಮ್ನಿ ಒಂದು ದಿನವೂ ಮಾರುಕಟ್ಟೆ ಬಿಟ್ಟು ಹೋಗಿಲ್ಲ. 1970ರಿಂದ ಅಪ್ಪ ಓಡಿಸಿದ, ಮಗ ಓಡಿಸಿದ. ಅಲ್ಲಿನವರು ಐದು ಬಾಗಿಲು ಬೇಕು ಅಂತ ಕಾಯುತ್ತಿದ್ದರು. ಇಲ್ಲಿ ಜಿಪ್ಸಿ ಪ್ರೀತಿಸಿದವರನ್ನು ಅನಾಥ ಮಾಡಿ ಕಳಿಸಿದರು. ಅವರೆಲ್ಲ ಅಷ್ಟರಲ್ಲಿ ಥಾರ್ ಬುಕ್ ಮಾಡಿ ಆಗಿತ್ತು. ನನ್ನ ಗೆಳೆಯರ ಬಳಗದಲ್ಲೇ ಜಿಪ್ಸಿ ಮಾರಿ ಥಾರ್ ತಂದವರಿದ್ದಾರೆ.

ಸಿಗ್ನಲ್‌ನಲ್ಲಿ ನಿಂತವ
ಜಪಾನಿನ ರಸ್ತೆ ಕಿರಿದು, ಮನೆ ಮುಂದೆ ಜಾಗ ಕಿರಿದು. ಅಲ್ಲಿ ಚಿಕ್ಕದಾಗಿರುವುದೇ ಗುಣ. ಇಲ್ಲಿ ಅದೇ ಕೊರತೆ. ಹೋಲಿಕೆ ಕೂಡುವುದಿಲ್ಲ.

ಕಾಡುದಾರಿ
ನಮ್ಮ ಊರಿನ ರಸ್ತೆ ಅಗಲವಾ ಗುರು?

ಮಗಳ ಕಾರು
ಸುರಕ್ಷತೆ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಮೂರು ಬಾಗಿಲಿನ ಜಿಮ್ನಿಗೆ 2018ರಲ್ಲಿ ಕಾರುಗಳ ಅಪಘಾತ ಪರೀಕ್ಷೆ ಮಾಡುವ ಯುರೋ ಎನ್‌ಕ್ಯಾಪ್ 3 ಸ್ಟಾರ್ ಕೊಟ್ಟಿತ್ತು. ಥಾರ್‌ಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 4 ಸ್ಟಾರ್. ಆಮೇಲೆ ಬಂದ ಥಾರ್ ರಾಕ್ಸ್‌ಗೆ ಭಾರತ್ ಎನ್‌ಕ್ಯಾಪ್‌ನಲ್ಲಿ 5. ನನ್ನ ಮಗಳು ಚಿಕ್ಕಮಗಳೂರಿಂದ ಹಾಸನಕ್ಕೆ ಓಡಾಡುತ್ತಾಳೆ. ನಾನು ಮೊದಲು ನೋಡುವುದು ಅದನ್ನೇ.

ಸ್ಪ್ಯಾನರ್
ಅಕ್ಕಾ, ಆ ಮೂರು ಪರೀಕ್ಷೆಗಳ ನಿಯಮ ಬೇರೆ ಬೇರೆ. ಯುರೋ ಎನ್‌ಕ್ಯಾಪ್‌ನಲ್ಲಿ ತಾನಾಗಿ ಬ್ರೇಕ್ ಹಾಕುವ ಸೌಲಭ್ಯ, ಪಾದಚಾರಿ ಸುರಕ್ಷತೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಸ್ಟಾರ್‌ಗಳನ್ನು ಸುಮ್ನೆ ಪಕ್ಕಪಕ್ಕ ಇಡಲು ಆಗುವುದಿಲ್ಲ. ಇಲ್ಲಿನ ಜಿಮ್ನಿಗೆ ಎಲ್ಲ ಮಾಡೆಲ್‌ನಲ್ಲೂ ಆರು ಏರ್‌ಬ್ಯಾಗ್ ಇದೆ.

ಮಗಳ ಕಾರು
ನಿಯಮ ಬೇರೆ ಇರಬಹುದು. ಆದರೂ ಇಷ್ಟು ತಡವಾಗಿ ಬರುವವರು ಒಳ್ಳೆಯ ಅಂಕ ಕೈಯಲ್ಲಿ ಹಿಡಿದು ಬರಬೇಕಿತ್ತು. ತಾಯಂದಿರ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಮಾತು ಯಾವುದಿದೆ?

ತೋಟದಮನೆ
ಎಲ್ಲರಿಗೂ ಥ್ಯಾಂಕ್ಸ್. ಮಾತು ಎಲ್ಲೆಲ್ಲಿಗೋ ಹೋದರೂ ಉಪಯೋಗ ಆಗುತ್ತಿದೆ. ಒಂದು ವಿಚಾರ ಹೇಳಬೇಕು. ಫೋರ್ ಬೈ ಫೋರ್ ಗಾಡಿ ನೋಡಲು ಒಂದು ಶೋರೂಮಿಗೆ ಹೋಗಿದ್ದೆ. ಲೋ ಗೇರ್ ಹಾಕಿ ತೋರಿಸಿ ಅಂದೆ. ಆ ಹುಡುಗನಿಗೆ ಲಿವರ್ ಯಾವಾಗ ಎಳೆಯಬೇಕು ಅಂತಲೇ ಗೊತ್ತಿರಲಿಲ್ಲ. ಸನ್‌ರೂಫ್ ಇರುವ ಬೇರೆ ಗಾಡಿ ತೋರಿಸಲಾ ಅಂದ. ನನಗೆ ಬಹಳ ಬೇಜಾರಾಯಿತು.

ಹಳೇ ಜಿಪ್ಸಿ
ಇದು ಎಲ್ಲ ಕಡೆ ಇರುವ ಸಮಸ್ಯೆ. ಇಂಥ ಗಾಡಿ ಮಾರುವವನು ಒಮ್ಮೆಯಾದರೂ ಕೆಸರಲ್ಲಿ ಓಡಿಸಿರಬೇಕು. ತಡವಾಗಿ ಬಂದ ಗಾಡಿಗಂತೂ ಇದು ಇನ್ನೂ ಮುಖ್ಯ. ಬ್ರೋಷರ್ ಓದಿ ಹೇಳಿದರೆ ಯಾರೂ ನಂಬುವುದಿಲ್ಲ. ಏರು ಹತ್ತಿಸಿ ತೋರಿಸಬೇಕು.

ಲೆಕ್ಕದ ಪುಸ್ತಕ
ಇನ್ನೊಂದು ಪೆಟ್ಟು ಮರೆಯಬೇಡಿ. ಜೂನ್‌ನಲ್ಲಿ 12.74 ಲಕ್ಷ ಅಂತ ಶುರು ಮಾಡಿ, ಅದೇ ವರ್ಷದ ಕೊನೆಗೆ ಥಂಡರ್ ಎಡಿಶನ್ ಅಂತ 10.74 ಲಕ್ಷಕ್ಕೆ ಬಿಟ್ಟರು. ಕೊಳ್ಳಬೇಕು ಅಂತ ಇದ್ದವರೂ ಇನ್ನೂ ಇಳಿಯುತ್ತದೆ ಅಂತ ಕಾಯತೊಡಗಿದರು. ಮೊದಲೇ 10.74ಕ್ಕೆ ತಂದಿದ್ದರೆ ಇವತ್ತು ಈ ಚರ್ಚೆನೇ ಬೇರೆ ಥರ ಇರುತ್ತಿತ್ತು.

ಘಟ್ಟದ ಕೆಳಗೆ
ಇದು ಮಾತ್ರ ಸತ್ಯ.

ಹೊಸ ಲೈಸೆನ್ಸ್
ಸ್ವಲ್ಪ ಬೇರೆ ವಿಚಾರ ಕೇಳಲಾ? ಮಳೆ ಬಂದಾಗ ಡಾಂಬರು ರಸ್ತೆಯಲ್ಲೂ ಫೋರ್ ಹೈ (ನಾಲ್ಕೂ ಗಾಲಿ, ಮಾಮೂಲಿ ಗೇರ್) ಹಾಕಿಕೊಂಡು ಓಡಿಸಿದರೆ ಹಿಡಿತ ಜಾಸ್ತಿ ಇರುತ್ತದೆ ಅಲ್ವಾ?

ಸ್ಪ್ಯಾನರ್
ಬೇಡ. ಜಿಮ್ನಿ, ಥಾರ್ ಎರಡೂ ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕುವ ಫೋರ್ ಬೈ ಫೋರ್. ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಲಾಕ್ ಆಗಿದ್ದಾಗ ಅದಕ್ಕೆ ಅವಕಾಶ ಇಲ್ಲ. ಮಣ್ಣಿನಲ್ಲಿ ಗಾಲಿ ಸ್ವಲ್ಪ ಜಾರಿ ಸರಿಹೋಗುತ್ತದೆ. ಹಿಡಿತ ಇರುವ ಡಾಂಬರಿನಲ್ಲಿ ಜಾರುವುದಿಲ್ಲ, ಒತ್ತಡ ಎಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಬಿಗಿಯುತ್ತದೆ, ಲಿವರ್ ವಾಪಸ್ ಬರಲು ಹಟ ಮಾಡುತ್ತದೆ. ಡಾಂಬರಿನಲ್ಲಿ ಹಿಂದಿನ ಗಾಲಿ ಮಾತ್ರ ಓಡುವ ಟೂ ಹೈ ಸಾಕು. ಲೋ ಗೇರ್ ಹಾಕುವಾಗ ಗಾಡಿ ಪೂರ್ತಿ ನಿಂತಿರಬೇಕು, ಕ್ಲಚ್ ಒತ್ತಿರಬೇಕು.

ಹೊಸ ಲೈಸೆನ್ಸ್
ಥ್ಯಾಂಕ್ಸ್ ಅಣ್ಣ. ದೊಡ್ಡ ಟೈರ್, ಮುಂದೆ ಕಬ್ಬಿಣದ ಬಂಪರ್ ಹಾಕಿಸುವ ಆಸೆನೂ ಇದೆ.

ಕಾಡುದಾರಿ
ಬಂಪರ್ ಆಸೆ ಬಿಟ್ಟುಬಿಡಿ. ಬುಲ್ ಬಾರ್ ಹಾಕುವುದು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಹೇಳಿದೆ. ಪಾದಚಾರಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಇನ್ನೊಂದು ಮಾತು, ದಯವಿಟ್ಟು ಎಲ್ಲರೂ ಕೇಳಿ. ಫೋರ್ ಬೈ ಫೋರ್ ಇದೆ ಅಂತ ಹೊಳೆಗೆ ಇಳಿಸುವುದು, ಶೋಲಾ ಹುಲ್ಲುಗಾವಲ ಮೇಲೆ ಗಾಲಿ ಉರುಳಿಸುವುದು ಬೇಡ. ಆ ಹುಲ್ಲು ಕಿತ್ತುಹೋದರೆ ಮುಂದಿನ ಮಳೆಗೆ ಅಲ್ಲಿ ಮಣ್ಣು ಕೊಚ್ಚಿ ಹೋಗುತ್ತದೆ. ಮಲೆನಾಡಿನವರು ಇದನ್ನು ಕಣ್ಣಾರೆ ನೋಡುತ್ತಿದ್ದೇವೆ. ರೀಲ್ಸ್‌ಗಾಗಿ ಬರುವವರಿಂದ ತೋಟದವರಿಗೂ ಕೆಟ್ಟ ಹೆಸರು.

ಕೊಡಗಿನ ಮಳೆ
ಕಾಡುದಾರಿ ಹೇಳಿದ ಮಾತಿಗೆ ನನ್ನದೂ ಒಂದು ದನಿ.

ತೋಟದಮನೆ ಅವರೇ, ನಮ್ಮದು ಮಡಿಕೇರಿ ಕಡೆ, ನಿಮ್ಮ ಥರದ್ದೇ ದಾರಿ. ನನ್ನ ಅಭಿಪ್ರಾಯ ಹೇಳುತ್ತೇನೆ. ತಡವಾಗಿದ್ದು ನಿಜ, ಆದರೆ ತಡವಾಗಿ ಬಂದೂ ಗೆಲ್ಲಬಹುದು. ತಡವಾಗಿ ಬಂದವನಿಗೆ ಒಂದು ಅನುಕೂಲ ಇದೆ, ಮೊದಲು ಬಂದವನು ಏನು ಬಿಟ್ಟಿದ್ದಾನೆ ಅಂತ ನೋಡಬಹುದು. ಥಾರ್ ಬಿಟ್ಟಿದ್ದು ಎರಡು. ಹಿಂದಿನ ಸೀಟಿಗೆ ಬಾಗಿಲು, ಮತ್ತೆ ಕಡಿಮೆ ಬೆಲೆಯ ಫೋರ್ ಬೈ ಫೋರ್. ಬಾಗಿಲು ಮಾರುತಿ ಕೊಟ್ಟಿತು. ಬೆಲೆ ಕೊಡಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಐದು ಬಾಗಿಲಿನ ರಾಕ್ಸ್ ಬಂತು, 12.99 ಲಕ್ಷದಿಂದ ಶುರು. ಆ ಒಂದು ಮುನ್ನಡೆಯೂ ಹೋಯಿತು. ಅಂದರೆ ಕೈಯಲ್ಲಿ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಇತ್ತು. ಆ ಸಮಯದಲ್ಲಿ ಬೆಲೆ ಏರಿಳಿಸುತ್ತಾ ಕೂತರು.

ಟಾರ್ಕ್‌ಪ್ರಿಯ
ರಾಕ್ಸ್ 4.4 ಮೀಟರ್ ಮೀರಿದ ಗಾಡಿ. ಜಿಮ್ನಿಗೆ ಅದು ಪೈಪೋಟಿ ಹೇಗೆ?

ಕೊಡಗಿನ ಮಳೆ
ಬೆಲೆಯಲ್ಲಿ ಪೈಪೋಟಿ. ಅದೇ ದುಡ್ಡಿಗೆ ದೊಡ್ಡದು ಸಿಗುತ್ತದೆ ಅಂದರೆ ನಮ್ಮ ಜನ ದೊಡ್ಡದನ್ನೇ ತಗೊಳ್ಳುತ್ತಾರೆ. ಆ ಬೆಲೆಗೆ ಫೋರ್ ಬೈ ಫೋರ್ ಸಿಗುವುದಿಲ್ಲ ಅನ್ನುವುದು ಎಷ್ಟೋ ಜನಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ತೋಟದಮನೆ
ಹಾಗಾದರೆ ನಮ್ಮ ದಾರಿಗೆ ಯಾವುದು ಅಂತೀರಿ? ವಾರಕ್ಕೊಮ್ಮೆ ಮೂಟೆ ಸಾಗಿಸಬೇಕು. ಅದಕ್ಕೆ ಪಿಕಪ್ ಬಾಡಿಗೆಗೆ ಸಿಗುತ್ತದೆ.

ಕೊಡಗಿನ ಮಳೆ
ಮೂಟೆಗೆ ಪಿಕಪ್ ಇದ್ದರೆ ಜಿಮ್ನಿ ಮ್ಯಾನುಯಲ್. ಕಣ್ಣು ಮುಚ್ಚಿ ಅಲ್ಲ, ಗಾಡಿಯನ್ನು ನಿಮ್ಮ ಏರಿಗೇ ತರಿಸಿ ಓಡಿಸಿ ನೋಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಹತ್ತಿಸಿ. ಹಿಂದಿನ ಸೀಟಿನಲ್ಲಿ ವಯಸ್ಸಾದವರಿಗೆ ಆರಾಮ ಇದೆಯಾ ಕೇಳಿ.

ಸ್ಪ್ಯಾನರ್
ಟೈರ್ ಬಗ್ಗೆನೂ ಹೇಳಿಬಿಡುತ್ತೇನೆ. ಕಂಪನಿ ಕೊಡುವುದು 195/80 ಆರ್15, ಅದು ರಸ್ತೆಗೆ ಜಾಸ್ತಿ ಹೊಂದುವ ಟೈರ್. ಜೇಡಿಮಣ್ಣು ಅದರ ಪಟ್ಟಿಯಲ್ಲಿ ತುಂಬಿಕೊಂಡು ನುಣ್ಣಗಾಗುತ್ತದೆ. ಅದೇ ಅಳತೆಯ ಆಲ್ ಟೆರೇನ್ ಟೈರ್ ಹಾಕಿಸಿ, ಅರ್ಧ ಸಮಸ್ಯೆ ಹೋಗುತ್ತದೆ. ಅಳತೆ ಬದಲಿಸದಿದ್ದರೆ ಕಾನೂನಿನ ತಕರಾರೂ ಇಲ್ಲ.

ತೋಟದಮನೆ
ಜೇಡಿಮಣ್ಣಿನಲ್ಲಿ ಗಾಳಿ ಇಳಿಸಬೇಕು ಅಂತಾರಲ್ಲ, ಎಷ್ಟಕ್ಕೆ?

ಸ್ಪ್ಯಾನರ್
20 ಪಿಎಸ್‌ಐ ಆಸುಪಾಸು ಸಾಕು, ಅದಕ್ಕಿಂತ ಕೆಳಗೆ ಬೇಡ. ತಿರುವಿನಲ್ಲಿ ಟೈರ್ ರಿಮ್‌ನಿಂದ ಕಳಚಬಹುದು. ನಿಧಾನಕ್ಕೆ ಹೋಗಿ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು, ಅದಕ್ಕೆ ಗಾಡಿಯಲ್ಲೇ 12 ವೋಲ್ಟಿನ ಪಂಪ್ ಇಟ್ಟುಕೊಳ್ಳಿ.

ಘಟ್ಟದ ಕೆಳಗೆ
ಪಂಪ್ ಜೊತೆ ಒಂದು ಒಳ್ಳೆಯ ಹಗ್ಗವೂ ಇರಲಿ ಮಾರಾಯ್ರೆ. ಪಕ್ಕದ ತೋಟದವರು ಹೂತಾಗ ಕರೆಯುವುದು ನಿಮ್ಮನ್ನೇ.